ಆಸರಿಗೆ ಕೇಳದೆ ಹೋದ ವರ್ಷ

ಕುಮಟೆಯಲ್ಲಿ ನನ್ನ ಮಗಳ ಮನೆಯ ಹಿಂದೆ ಯಾರೋ ಒಂದು ಹಳೇ ಮನೆ ಕೊಂಡು ರಿಪೇರಿ ಮಾಡಿಸುತ್ತಿದ್ದಾರೆ. ಈಗ ಹಳೆಯದಕ್ಕೇ ಮರ್ಯಾದೆಯಂತೆ. ಸಿಮೆಂಟು ಬೇಡ, ಡಿಸ್ಟೆಂಪರೂ ಬೇಡ, ಹೊಳೆಯಲ್ಲಿ ಸಿಗುವ ಬೆಳಚಿನ ಚಿಪ್ಪು ಸುಟ್ಟ ಸುಣ್ಣವೇ ಆಗಬೇಕು ಎಂದು ಅವರ ಇಂಜಿನಿಯರು ಹಟ ಹಿಡಿದಿದ್ದಾನಂತೆ. ಕಳೆದ ವಾರ ನಾನು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ ಆಳುಗಳು ಹಂಡೆಯಲ್ಲಿದ್ದ ಸುಣ್ಣಕ್ಕೆ ನೀರು ಹೊಯ್ದರು. ಚುಂಯ್ ಎಂದು ಕುದಿದು ಹಬೆ ಎದ್ದಿತು. ಸುಟ್ಟ ಚಿಪ್ಪಿನ, ಹೊಳೆ ಕೆಸರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒದ್ದೆ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟೆ. ಮುಖ ಬಿಸಿಯಾಯಿತು. ಈ ವಯಸ್ಸಿನಲ್ಲಿ, ಯಾರೂ ನೋಡದ ಹಿತ್ತಲಿನಲ್ಲಿ, ನನಗೆ ನಾಚಿಕೆಯಾಯಿತು.

"ಆಯಿ, ಎಂತ ಆತು?" ಎಂದು ಮಗಳು ಒಳಗಿನಿಂದ ಕೇಳಿದಳು.

"ಎಂತದೂ ಇಲ್ಲ. ಸುಣ್ಣ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆ ವರ್ಷ ಅವಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು, ಅದೊಂದು ಪುಣ್ಯ.

ಹೊನ್ನಾವರದಲ್ಲಿ ನಮ್ಮದೊಂದು ಲಾಡ್ಜಿತ್ತು. ಹೆಸರು ಶ್ರಮಹರ ಲಾಡ್ಜ್. ಶರಾವತಿಗೆ ಸೇತುವೆ ಇಲ್ಲದ ಕಾಲದಲ್ಲಿ ನನ್ನ ಮಾವ ಕಟ್ಟಿಸಿದ್ದು. ಆಗ ದಕ್ಷಿಣಕ್ಕೆ ಹೋಗುವವರೂ ಉತ್ತರಕ್ಕೆ ಹೋಗುವವರೂ ಹೊಳೆ ದಾಟಲು ದೋಣಿಗೆ ಕಾಯಬೇಕು, ದೋಣಿ ತಪ್ಪಿದರೆ ಉಳಿಯಬೇಕು. ಒಂಬತ್ತು ರೂಮು, ಕೆಳಗೆ ಊಟದ ಹಾಲು, ಹಿಂದೆ ನಮ್ಮ ಮನೆ. ಮಾವನದೊಂದು ಕಟ್ಟಳೆ ಇತ್ತು. ಮೆಟ್ಟಿಲು ಹತ್ತಿದವರು ಯಾರೇ ಆಗಲಿ, ಹೆಸರು ಕೇಳುವ ಮೊದಲು, ರೂಮು ಬೇಕೋ ಬೇಡವೋ ಎಂದು ಕೇಳುವ ಮೊದಲು, "ಆಸರಿಗೆ ಎಂತ ಬೇಕು?" ಎಂದು ಕೇಳಬೇಕು. ಬಾಯಾರಿಕೆಗೆ ಎಂತ ಕೊಡಲಿ ಎಂದು ನಮ್ಮ ಕಡೆ ಮನೆಗೆ ಬಂದವರನ್ನು ಕೇಳುವ ಮಾತು ಅದು. ಕೇಳಿ, ಹಿತ್ತಾಳೆ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಮುಂದಿಡಬೇಕು. ಎಷ್ಟೋ ಜನ ಬೆಲ್ಲ ತಿಂದು, ನೀರು ಕುಡಿದು, ಬಸ್ಸಿನ ಹೊತ್ತು ಕೇಳಿಕೊಂಡು ಹೋಗಿಬಿಡುತ್ತಿದ್ದರು. ಹೋಗಲಿ ಬಿಡು ಎನ್ನುತ್ತಿದ್ದರು ಮಾವ.

ಮಾವ ಹೋದ ಮೇಲೆ ಇವರು, ಅಂದರೆ ನನ್ನ ಯಜಮಾನರು, ಅದನ್ನೇ ನಡೆಸಿದರು. ಪೇಟೆಯವರೆಲ್ಲ ಇವರನ್ನು ಗಣಪಣ್ಣ ಎನ್ನುತ್ತಿದ್ದರು. ಹೆಗಲ ಮೇಲೆ ಟವೆಲು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಸಣ್ಣ ದನಿ. ಸೇತುವೆ ಬಂತು, ಆಮೇಲೆ ರೈಲೂ ಬಂತು. ಹೊನ್ನಾವರದಲ್ಲಿ ಉಳಿಯುವ ದರ್ದು ಯಾರಿಗೂ ಉಳಿಯಲಿಲ್ಲ. ಔಷಧಿ ಕಂಪನಿಯ ಏಜೆಂಟರು, ಆಡಿಟ್‌ಗೆ ಬಂದ ಗುಮಾಸ್ತರು, ತಿಂಗಳಿಗೊಮ್ಮೆ ಭಟ್ಕಳದ ಸಾಯೇಬರು, ಇಷ್ಟೇ. ಗೋಡೆ ಕಪ್ಪಾಯಿತು. ಮೂಲೆಗಳಲ್ಲಿ ಮಳೆ ನೀರು ಇಳಿದ ಗುರುತು. ನಾನು ಬಯ್ಯುತ್ತಿದ್ದೆ. ಇವರು ಬರುವ ವರ್ಷ ನೋಡುವಾ ಎನ್ನುತ್ತಿದ್ದರು.

ಈ ಸಾಯೇಬರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಭಟ್ಕಳದ ಪಕ್ಕದ ಜಾಲಿಯಲ್ಲಿ ಮನೆ, ಲುಂಗಿ ಟವೆಲುಗಳ ಸಗಟು ವ್ಯಾಪಾರ. ಅಂಕೋಲೆ, ಕುಮಟೆಯ ಅಂಗಡಿಗಳನ್ನೆಲ್ಲ ಸುತ್ತಿ ವಾಪಸು ಹೋಗುವಾಗ ನಮ್ಮಲ್ಲಿ ಒಂದು ರಾತ್ರಿ ಉಳಿಯುತ್ತಿದ್ದರು. ದೋಣಿಯ ಕಾಲದ ರೂಢಿ ಅದು. ಸೇತುವೆಯಾದ ಮೇಲೆ ಗಂಟೆ ಎರಡು ಗಂಟೆಯಲ್ಲಿ ಮನೆ ಮುಟ್ಟಬಹುದಿತ್ತು, ಆದರೂ ಬಿಡಲಿಲ್ಲ. ಹೊಳೆ ಕಡೆ ಕಿಟಕಿಯಿರುವ ಮೂರನೇ ನಂಬರು ಅವರದು. ಕರಿ ಕೋಟು, ಬಿಳಿ ಟೊಪ್ಪಿ. ಬೆಲ್ಲವನ್ನು ಒಂದೇ ಸಲ ಬಾಯಿಗೆ ಹಾಕದೆ ಚೂರು ಚೂರೇ ಕಡಿದು ತಿನ್ನುವವರು ಅವರೊಬ್ಬರೇ. "ನಿಮ್ಮ ಮನೆ ಬೆಲ್ಲ ತಿಂದ್ರೆ ಆ ದಿನದ ತಿರುಗಾಟ ಮುಗೀತು ಹೇಳಿ ಲೆಕ್ಕ" ಎನ್ನುತ್ತಿದ್ದರು. ನಾನು ಹೇಳುವ ವರ್ಷ ಅವರು ಊರಲ್ಲಿರಲಿಲ್ಲ. ದುಬೈಯಲ್ಲಿದ್ದ ಮಗನ ಮನೆಗೆ ಹೋಗಿದ್ದರು.

ಯುಗಾದಿ ಕಳೆದ ಮೇಲೆ ಬೆಂಗಳೂರಿನಿಂದ ಮೂವರು ಬಂದರು. ಟೀವಿಯವರು. ಒಬ್ಬ ಗಡ್ಡದವನು, ಡೈರೆಕ್ಟರು. ಬಂದವರಿಗೆ ಇವರು ಎಂದಿನಂತೆ "ಆಸರಿಗೆ ಎಂತ ಬೇಕು?" ಎಂದರು. ಬೆಲ್ಲ, ನೀರು ಕೊಟ್ಟರು. ಡೈರೆಕ್ಟರು ಬೆಲ್ಲ ತಿನ್ನುತ್ತ ಲಾಡ್ಜೆಲ್ಲ ಸುತ್ತಿದ. ಗೋಡೆ ಮುಟ್ಟಿದ, ಮೆಟ್ಟಿಲು ಕಿರುಗುಟ್ಟಿಸಿದ, ಬಚ್ಚಲಿನ ಸೋರುವ ನಲ್ಲಿಯ ಮುಂದೆ ನಿಂತು ಅದರ ಫೋಟೋ ತೆಗೆದ.

"ಸಾರ್, ಇದೇ ಬೇಕಿತ್ತು ನಮಗೆ. ಎಲ್ಲೆಲ್ಲಿ ಹುಡುಕಿದ್ವಿ ಗೊತ್ತಾ. ಲಾಡ್ಜ್ ಇಟ್ಕೊಂಡೇ ಒಂದು ಸೀರಿಯಲ್. ಪೂರ್ತಿ ಕಾಮಿಡಿ, ಮನೆಮಂದಿ ಎಲ್ಲ ಕೂತು ನೋಡೋ ಥರ" ಎಂದ. ಮೇ ತಿಂಗಳಲ್ಲಿ ಬರುವುದೆಂದು ಮಾತಾಯಿತು.

ಅವರ ವ್ಯಾನು ತಿರುಗುವವರೆಗೂ ಇವರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದು, "ಕೇಳ್ದೆಯಾ? ಬೆಂಗ್ಳೂರಿನವರಿಗೆ ನಮ್ಮ ಲಾಡ್ಜು ಮನಸ್ಸಿಗೆ ಬಂತು" ಎಂದರು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಮದುವೆಯಲ್ಲೂ ಅಷ್ಟು ಖುಷಿಪಟ್ಟಿರಲಿಲ್ಲ ಮನುಷ್ಯ.

ಆಮೇಲೆ ಇವರು ಮಾಡಿದ ಕೆಲಸ ನಮ್ಮಂಥವರು ಮಾತ್ರ ಮಾಡುವಂಥದ್ದು. ಮನೆಗೆ ನೆಂಟರು ಬರುತ್ತಾರೆ ಎಂದರೆ ಅಂಗಳ ಸಾರಿಸುವುದಿಲ್ಲವೇ? ಹಾಗೆಯೇ, ಟೀವಿಯವರು ಬರುತ್ತಾರೆಂದು ಲಾಡ್ಜಿಗೆಲ್ಲ ಸುಣ್ಣ ಹೊಡೆಸಿದರು. ಹೊಳೆಯಾಚೆಯ ಕಾಸರಕೋಡಿನಿಂದ ಚಿಪ್ಪಿನ ಸುಣ್ಣ ತರಿಸಿ, ಹಂಡೆಯಲ್ಲಿ ಹಾಕಿ ನೀರು ಹೊಯ್ದು, ನೀಲಿ ಬೆರೆಸಿ, ಅಂಟುವುದಕ್ಕೆ ಗೋಂದು ಹಾಕಿ, ಆಳುಗಳ ಜೊತೆ ತಾವೂ ಕುಂಚ ಹಿಡಿದರು. ಬಾಗಿಲಿಗೆ ಹಸಿರು ಬಣ್ಣ. ನಲ್ಲಿಗೆ ಹೊಸ ವಾಷರು. ಮೆಟ್ಟಿಲಿಗೆ ಮೊಳೆ. ಕಿಟಕಿಗೆ ಹೂವಿನ ಪರದೆ. ನಾನೂ ಸುಮ್ಮನಿರಲಿಲ್ಲ, ಹಾಸಿಗೆಗಳನ್ನೆಲ್ಲ ಬಿಚ್ಚಿ ಹತ್ತಿ ಬಿಸಿಲಿಗೆ ಹಾಕಿಸಿದೆ. ರೂಮುಗಳ ಕೆಲಸದ ದೇವಕ್ಕ ನೆಲ ತಿಕ್ಕಿ ತಿಕ್ಕಿ ಬೆರಳು ಸುಲಿದುಕೊಂಡಳು. ಮಾವ ಕಟ್ಟಿಸಿದಾಗ ಹೇಗಿತ್ತೋ ಹಾಗಾಯಿತು ಎಂದು ಪೇಟೆಯ ಮುದುಕರು ಬಂದು ನೋಡಿ ಹೋದರು.

ಟೀವಿಯವರು ಎರಡು ವ್ಯಾನಿನಲ್ಲಿ ಬಂದಿಳಿದರು. ಡೈರೆಕ್ಟರು ಲಾಡ್ಜು ನೋಡಿದ. ಹಿಂದಕ್ಕೆ ಸರಿದು ಬೋರ್ಡು ಓದಿದ. ಮತ್ತೆ ನೋಡಿದ. ಇವರು ಎರಡೂ ಕೈ ಜೋಡಿಸಿ ನಿಂತಿದ್ದಾರೆ, ಈಗ ಹೊಗಳುತ್ತಾನೆ ಎಂದು.

"ಏನ್ ಸಾರ್ ಹಿಂಗ್ ಮಾಡ್ಬಿಟ್ರಿ" ಎಂದ ಅವನು, ತಲೆಯ ಮೇಲೆ ಕೈ ಹೊತ್ತು.

"ಒಳಗೆ ಬನ್ನಿ, ಒಳಗೂ ಮಾಡ್ಸಿದ್ದೆ" ಎಂದರು ಇವರು.

ಅವನ ಹಿಂದಿದ್ದ ಹುಡುಗರಿಗೆ ನಗು ತಡೆಯಲಾಗಲಿಲ್ಲ. ಡೈರೆಕ್ಟರು ಕೆಟ್ಟವನಲ್ಲ, ಅವರನ್ನು ಗದರಿ ಸುಮ್ಮನಾಗಿಸಿದ. ಇವರನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕುಳಿತು ಹೇಳಿದ. "ನಮ್ಮ ಕತೆ ಒಂದು ಪಾಳುಬಿದ್ದ ಲಾಡ್ಜಿಂದು ಸಾರ್. ಕೊಳಕಾಗಿತ್ತಲ್ಲ, ಅದಕ್ಕೇ ಇಷ್ಟ ಆಗಿದ್ದು."

ಬಾಗಿಲ ಸಂದಿಯಲ್ಲಿ ನಿಂತು ನಾನದನ್ನು ಕೇಳಿದೆ. ಇವರು ಹೆಗಲ ಟವೆಲು ತೆಗೆದು ಮಡಚಿದರು, ಮತ್ತೆ ಹೆಗಲಿಗೆ ಹಾಕಿಕೊಂಡರು. "ಹಾಗಾ" ಎಂದರು. ಆಮೇಲೆ, "ಈಗ ಎಂತ ಮಾಡೂದು? ನಿಮಗೆ ತೊಂದ್ರೆ ಆತು" ಎಂದು ಅವನನ್ನೇ ಸಮಾಧಾನ ಮಾಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮಾಡಿದ್ದೆಂತದೆಂದರೆ, ಮತ್ತೆ ಕೊಳಕು ಮಾಡಿದ್ದು. ಟೀವಿಯವರು ಚಹಾದ ಚರಟ ಕುದಿಸಿ, ಒಲೆಯ ಮಸಿ ಕಲಸಿ, ಬಕೆಟ್ಟಿನಲ್ಲಿ ತಂದು ಬಿಳಿ ಗೋಡೆಗೆ ಎರಚಿದರು. ಹಸಿರು ಬಾಗಿಲನ್ನು ಕೀಸಿದರು. ನಲ್ಲಿಯ ಹೊಸ ವಾಷರು ಕಿತ್ತರು. ಆಳು ಸಾಲದೆ ದೇವಕ್ಕನ ಕೈಗೂ ಒಂದು ಬಕೆಟ್ಟು ಕೊಡಹೋದರು. ಅವಳು ಕೈ ಹಿಂದೆ ಕಟ್ಟಿಕೊಂಡಳು.

"ನಂಗೆ ಕಸ ತೆಗ್ಯೂಕೆ ಬತ್ತದೆ. ಹಾಕೂಕೆ ಬರೂದಿಲ್ಲ" ಎಂದು ಸೆರಗು ಸಿಕ್ಕಿಸಿಕೊಂಡು ಮನೆಗೆ ನಡೆದಳು. ಅವರು ಹೋಗುವವರೆಗೆ ಬರಲಿಲ್ಲ.

ಮಳೆ ಹಿಡಿಯುವವರೆಗೂ ಶೂಟಿಂಗ್ ನಡೆಯಿತು. ಅಷ್ಟೂ ಜನಕ್ಕೆ ನನ್ನದೇ ಅಡಿಗೆ. ಬಂಗಡೆ ಸಾರು, ಸೋಲಕಡಿ, ಸಂಜೆಗೆ ಬನ್ಸು. ತಟ್ಟೆ ನೆಕ್ಕಿದವರೆಷ್ಟೋ. ಲಾಡ್ಜಿನ ಮಾಲೀಕನ ಪಾತ್ರದ ನಟ ಬಿಡುವಿದ್ದಾಗಲೆಲ್ಲ ಕೌಂಟರಿನ ಹತ್ತಿರ ಬಂದು ಕುಳಿತು ಇವರನ್ನೇ ನೋಡುತ್ತಿದ್ದ. ಪಾಪ, ದೊಡ್ಡ ನಟ, ಎಷ್ಟು ಸರಳ ಎಂದುಕೊಂಡೆವು ನಾವು. ಕೊನೆಯ ದಿನ ಡೈರೆಕ್ಟರು ಇವರಿಗೂ ಒಂದು ಪಾರ್ಟು ಕೊಟ್ಟ. ಚೀಲ ಹಿಡಿದುಕೊಂಡು ಲಾಡ್ಜಿನಿಂದ ಹೊರಗೆ ಓಡಬೇಕು, ಅಷ್ಟೇ. ಇವರು ಓಡಿದರು. ಸರಿ ಬರಲಿಲ್ಲ ಎಂದು ಮತ್ತೆ ಓಡಿಸಿದರು. ಏದುಸಿರು ಬಿಡುತ್ತ ಒಳಗೆ ಬಂದು, "ನಾನೂ ಇದ್ದೆ ನೋಡು ಸೀರಿಯಲ್ಲಿನಲ್ಲಿ" ಎಂದರು.

ಹೋಗುವಾಗ ಅವರು ಗೋಡೆ ತೊಳೆಯಬೇಡಿ, ಮಳೆ ಮುಗಿದ ಮೇಲೆ ಇನ್ನೊಂದು ಸಲ ಬರುತ್ತೇವೆ ಎಂದರು. ದೇವಕ್ಕ ವಾಪಸು ಬಂದವಳೇ ಬಕೆಟ್ಟು ಹಿಡಿದಳು. ಇವರು ತಡೆದರು. ಕೊಟ್ಟ ಮಾತು. ಅವಳು ಆ ದಿನದಿಂದ ನೆಲ ಗುಡಿಸುವಾಗ ಗೋಡೆ ಕಡೆ ತಲೆ ಎತ್ತಲಿಲ್ಲ.

ಚೌತಿಯ ಮರುವಾರ ಸೀರಿಯಲ್ಲು ಶುರುವಾಯಿತು. ಇವರು ಅರ್ಧ ಪೇಟೆಯನ್ನೇ ಕರೆದಿದ್ದರು. ಊಟದ ಹಾಲಿನಲ್ಲಿ ಟೀವಿ ಇಟ್ಟು ಬೆಂಚು ಹಾಕಿಸಿದರು. ಕುಮಟೆಯಿಂದ ನನ್ನ ಅಣ್ಣ ಅತ್ತಿಗೆ ಬಂದರು. ಬಂದವರಿಗೆಲ್ಲ ಇವರು ತಾವೇ ತಟ್ಟೆ ಹಿಡಿದು ಬೆಲ್ಲ ನೀರು ಹಂಚಿದರು. ಎಲ್ಲರ ಕೈಯಲ್ಲೂ ಒಂದೊಂದು ತುಂಡು ಬೆಲ್ಲ ಇರುವಾಗಲೇ ಸೀರಿಯಲ್ಲಿನ ಹಾಡು ಮುಗಿದು ಮಾಲೀಕ ಕಾಣಿಸಿಕೊಂಡ.

ಹೆಗಲ ಮೇಲೆ ಟವೆಲು. ದಾರ ಕಟ್ಟಿದ ಕನ್ನಡಕ. ಅದೇ ಸಣ್ಣ ದನಿ. ಒಬ್ಬ ಗಿರಾಕಿ ಒಳಗೆ ಬರುತ್ತಾನೆ. "ಆಸರಿಗೆ ಎಂತ ಬೇಕು?" ಎನ್ನುತ್ತಾನೆ ಮಾಲೀಕ, ಕತ್ತು ಓರೆ ಮಾಡಿ. ಬೆಲ್ಲದ ತಟ್ಟೆ ಮುಂದಿಡುತ್ತಾನೆ. ಬೆಲ್ಲದ ತುಂಬ ಇರುವೆ. ಗಿರಾಕಿ ನೋಡದೆ ಬಾಯಿಗೆ ಹಾಕಿ, ನಾಲಿಗೆ ಹೊರಗೆ ಚಾಚಿ, ಕುಣಿಯುತ್ತಾನೆ. ಹಾಸಿಗೆಯಲ್ಲಿ ತಿಗಣೆ, ತಲೆ ಮೇಲೆ ನೀರು, ನಲ್ಲಿಯಲ್ಲಿ ಕೆಸರು. ಸಾರಿಗೆ ಕೊಡದಲ್ಲಿ ನೀರು ಹೊಯ್ಯುವ ದಪ್ಪ ಹೆಂಡತಿಯೊಬ್ಬಳು, ಕೈಯಲ್ಲಿ ಸೌಟು. ಗಿರಾಕಿ ಬಂದು ಜಗಳ ತೆಗೆದಾಗ ಮಾಲೀಕ ಕೈ ಜೋಡಿಸಿ ಹೇಳುತ್ತಾನೆ: "ಬಂದಿದ್ದು ನಿಮ್ಮ ತಪ್ಪು, ಮಲಗೋದು ನಿಮ್ಮ ಹಣೆಬರಹ, ಏಳೋದು ದೇವರ ಇಚ್ಛೆ."

ಹಾಲಿನಲ್ಲಿ ಮೊದಲು ಯಾರೂ ನಗಲಿಲ್ಲ. ಇವರ ಮುಖ ನೋಡಿದರು. ಆಮೇಲೆ ಯಾರೋ ಒಬ್ಬ ಹಿಂದಿನಿಂದ ತನ್ನ ಕೈಯ ಬೆಲ್ಲವನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಇರುವೆ ಇದೆಯೇ ಎಂದು ತಿರುಗಿಸಿ ನೋಡಿದ. ಅಲ್ಲಿಗೆ ಶುರುವಾಯಿತು. ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನ್ನ ಅಣ್ಣನೂ ನಕ್ಕ. ಕೊನೆಯಲ್ಲಿ ಇವರೇ ಚೀಲ ಹಿಡಿದು ಓಡುವ ದೃಶ್ಯ ಬಂತು. ಓಡುವಾಗ ಇವರ ಬಾಯಿಂದ ಬೇರೆ ಯಾರದೋ ದನಿಯಲ್ಲಿ, "ಅಯ್ಯಯ್ಯೋ, ಇಲ್ಲಿ ನಾಯೀನೂ ಮಲಗಲ್ಲ" ಎಂದು ಹೇಳಿಸಿದ್ದರು. ಸ್ವಂತ ಲಾಡ್ಜಿನಿಂದ, ಸ್ವಂತ ಕಾಲಿನಲ್ಲಿ.

ಇವರೂ ನಕ್ಕರು. ಎಲ್ಲರಿಗಿಂತ ಜೋರಾಗಿ. ಆ ನಗು ಕೇಳಲಾರದೆ ನಾನು ಅಡಿಗೆಮನೆಗೆ ಹೋಗಿ ಬನ್ಸಿನ ಬಾಣಲೆ ಮುಂದೆ ನಿಂತೆ. ಒಲೆ ಆರಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಒಬ್ಬ ಔಷಧಿ ಏಜೆಂಟ್ ಬಂದ. ಇವರು ಬಾಯಿ ತೆರೆದರು, ಮುಚ್ಚಿದರು. ಕೀಲಿಕೈ ಕೊಟ್ಟು, "ನಾಕನೇ ನಂಬ್ರ" ಎಂದರು. ಹಿತ್ತಾಳೆ ತಟ್ಟೆ ಕಪಾಟು ಸೇರಿತು. ಆಸರಿಗೆ ಕೇಳುವುದು ಅಲ್ಲಿಗೆ ನಿಂತಿತು.

ಸೀರಿಯಲ್ಲು ಮಾತ್ರ ನಿಲ್ಲಲಿಲ್ಲ. ಟೀವಿಯವರು ಮತ್ತೆ ಬರಲೂ ಇಲ್ಲ. ಬೆಂಗಳೂರಿನಲ್ಲೇ ನಮ್ಮ ಲಾಡ್ಜಿನಂಥದೇ ಸೆಟ್ಟು ಹಾಕಿಕೊಂಡರಂತೆ, ಮಸಿ ಸಮೇತ. ವಾರವಾರವೂ ಊರಿಗೆ ಊರೇ ನಕ್ಕಿತು. ನಮ್ಮ ಲಾಡ್ಜಿನ ಹೆಸರು ಅದರಲ್ಲಿರಲಿಲ್ಲ, ಆದರೆ ಹೊನ್ನಾವರದವರಿಗೆ ಗೊತ್ತಿಲ್ಲವೇ. ಬಸ್ಸಿನ ಕಂಡಕ್ಟರುಗಳು ನಮ್ಮ ಬಾಗಿಲಿನ ಎದುರಿನ ಸ್ಟಾಪಿಗೆ "ಹಣೆಬರಹ ಇಳೀರಿ" ಎಂದು ಕೂಗತೊಡಗಿದರು. ಕುಮಟೆಯಲ್ಲಿ ಒಂದು ಮದುವೆಗೆ ಹೋದೆ. ಪಂಕ್ತಿಯಲ್ಲಿ ಸಾರು ಬಡಿಸುವವನು ನನ್ನ ಎಲೆಗೆ ಬಗ್ಗಿ, "ಅಕ್ಕಾ, ನಿಮ್ಮಷ್ಟು ನೀರು ಹಾಕ್ಲಿಲ್ಲ ನೋಡಿ" ಎಂದ. ಸಾಲಿಗೆ ಸಾಲೇ ನಕ್ಕಿತು. ಮೂವತ್ತು ವರ್ಷ ಊರವರ ಬಾಯಿಗೆ ಸಾರು ಹೊಯ್ದವಳು ನಾನು. ಎಲೆ ಮಡಚಿ ಎದ್ದೆ. ಆಮೇಲೆ ಮದುವೆ ಮುಂಜಿ ಎಂದರೆ ತಲೆನೋವು ಎಂದು ಹೇಳಿ ಮನೆಯಲ್ಲೇ ಉಳಿದೆ.

ಏಜೆಂಟರು ಒಬ್ಬೊಬ್ಬರಾಗಿ ಜಾಗ ಬದಲಾಯಿಸಿದರು. ಎಲ್ಲಿ ಉಳಿದೆ ಎಂದು ಹೇಳಿದರೆ ಡಾಕ್ಟರುಗಳು ನಗುತ್ತಾರೆ ಎಂದು ಒಬ್ಬ ಮುಖದ ಮೇಲೇ ಹೇಳಿದ. ಬಾಗಿಲು ಹಾಕಬೇಕಾಗುತ್ತದೆ ಎಂದುಕೊಳ್ಳುವಷ್ಟರಲ್ಲಿ ಬೇರೆ ಥರದವರು ಬರತೊಡಗಿದರು. ಓಂ ಬೀಚಿಗೆ ಹೋಗುವ ಹುಡುಗರು, ಅಪ್ಸರಕೊಂಡ ನೋಡಿ ವಾಪಸಾಗುವ ಸಂಸಾರಗಳು, ಹುಬ್ಬಳ್ಳಿಯಿಂದ, ಶಿವಮೊಗ್ಗದಿಂದ. ವ್ಯಾನು ನಿಲ್ಲಿಸಿ, "ಸೀರಿಯಲ್ ಲಾಡ್ಜ್ ಇದೇನಾ?" ಎನ್ನುವುದು. ಸೋರುವ ನಲ್ಲಿಯ ಹತ್ತಿರ ನಿಂತು ಫೋಟೋ. ಮಸಿ ಗೋಡೆಗೆ ಒರಗಿ ಫೋಟೋ. ಬೇಕೆಂದೇ ಒಂದು ರಾತ್ರಿ ಉಳಿದು ತಿಗಣೆ ಇಲ್ಲವಲ್ಲ ಎಂದು ಬೇಸರಪಟ್ಟವರೂ ಉಂಟು. ನಾನು ಹತ್ತಿ ಬಿಡಿಸಿ ಬಿಸಿಲಿಗೆ ಹಾಕಿದ ಹಾಸಿಗೆಗಳು ಅವು.

"ಈಗಾದ್ರೂ ಗೋಡೆ ತೊಳೂಕೆ ಬಿಡಿ" ಎಂದಳು ದೇವಕ್ಕ.

"ತೊಳೆದ್ರೆ ಅವ್ರು ಬತ್ರನೇ?" ಎಂದರು ಇವರು.

ಒಂದು ದಿನ ಅಡಿಗೆಮನೆಯಲ್ಲಿದ್ದವಳಿಗೆ ಕೌಂಟರಿನಿಂದ ಜೋರು ದನಿ ಕೇಳಿಸಿತು. "ಬಂದಿದ್ದು ನಿಮ್ಮ ತಪ್ಪು." ಟೀವಿ ಹಾಕಿದ್ದಾರೆ ಎಂದುಕೊಂಡೆ. ಬಗ್ಗಿ ನೋಡಿದರೆ ಇವರೇ. ಕತ್ತು ಓರೆ ಮಾಡಿ, ಕೈ ಜೋಡಿಸಿ, ಆ ನಟನ ಹಾಗೆ. ಅವನು ಇವರನ್ನು ನೋಡಿ ಕಲಿತದ್ದು, ಈಗ ಇವರು ಅವನನ್ನು ನೋಡಿ ಕಲಿತಿದ್ದರು. ಎದುರಿಗಿದ್ದ ಸಂಸಾರ ಚಪ್ಪಾಳೆ ತಟ್ಟಿತು.

ಅವರು ಮೇಲೆ ಹೋದ ಮೇಲೆ ನಾನು ಹೊರಗೆ ಬಂದೆ. "ನಿಮಗೆ ಮರ್ಯಾದೆ ಅನ್ನೂದು ಇದ್ದಾ?" ಎಂದೆ.

"ಅವ್ರಿಗೆ ಖುಷಿ ಆತು. ನಮ್ಮದು ಎಂತ ಹೋತು?" ಎಂದರು. ಕಣ್ಣು ಮಾತ್ರ ನನ್ನ ಕಡೆ ತರಲಿಲ್ಲ.

ನಾನು ಆ ಚಳಿಗಾಲವೆಲ್ಲ ಕೌಂಟರಿನ ಕಡೆಯ ಬಾಗಿಲು ಹಾಕಿಕೊಂಡೇ ಅಡಿಗೆ ಮಾಡಿದೆ. ಹಾಕಿದರೂ ಕೇಳುತ್ತಿತ್ತು. ದಿನಕ್ಕೆ ಎಷ್ಟು ಸಲವೋ. ಆ ಮಾತಿನ ಹಿಂದೆ ಬರುವ ನಗುವಿಗಾಗಿ ಕಿವಿ ಕಾಯುತ್ತಿತ್ತು, ನಗು ಬಂದ ಮೇಲೆ ಒಗ್ಗರಣೆ ಹಾಕುತ್ತಿದ್ದೆ. ನಡುವೆ ಒಮ್ಮೆ ರಜೆಗೆಂದು ಬಂದ ಮಗಳನ್ನು ಅಣ್ಣನ ಮನೆಯಲ್ಲೇ ಉಳಿಸಿಕೊಳ್ಳಲು ಹೇಳಿದೆ. ಲಾಡ್ಜಿನಲ್ಲಿ ರಿಪೇರಿ ನಡೆಯುತ್ತಿದೆ ಎಂದು ಅವಳಿಗೆ ಹೇಳಿದ್ದು.

ಮತ್ತೆ ಮಳೆ ಬಂತು. ಜೂನಿನ ಒಂದು ಮಧ್ಯಾಹ್ನ, ರಸ್ತೆಯ ಆಚೆ ಬದಿ ಕಾಣದ ಹಾಗೆ ಹೊಯ್ಯುತ್ತಿತ್ತು. ಹುಬ್ಬಳ್ಳಿಯ ಕಾಲೇಜು ಹುಡುಗರ ಒಂದು ಗುಂಪು ಜೋಗಕ್ಕೆ ಹೋಗಲು ಹೊರಟು ಮಳೆಗೆ ಸಿಕ್ಕಿ ಹಾಲಿನಲ್ಲಿ ಕುಳಿತಿತ್ತು. ಅವರಿಗೆ ಚಹಾ ಕೊಡಲು ನಾನು ಹೊರಗೆ ಬಂದಿದ್ದೆ. ಆಗ ಯಾರೋ ಮೆಟ್ಟಿಲು ಹತ್ತಿದರು. ಮುಖದ ಮುಂದೆ ಅಡ್ಡ ಹಿಡಿದ ಕೊಡೆ, ಕೈಯಲ್ಲಿ ಚೀಲ.

"ಸಾರ್, ಡೈಲಾಗ್, ಡೈಲಾಗ್" ಎಂದು ಒಬ್ಬ ಹುಡುಗ ಪಿಸುಗುಟ್ಟಿದ.

ಇವರು ಎದ್ದು ನಿಂತು, ಕತ್ತು ಓರೆ ಮಾಡಿ, ಕೈ ಜೋಡಿಸಿ, ಮಳೆಯ ಸದ್ದನ್ನೂ ಮೀರಿಸಿ ಹೇಳಿದರು. "ಬಂದಿದ್ದು ನಿಮ್ಮ ತಪ್ಪು, ಮಲಗೋದು ನಿಮ್ಮ ಹಣೆಬರಹ, ಏಳೋದು ದೇವರ ಇಚ್ಛೆ."

ಕೊಡೆ ಮಡಚಿಕೊಂಡಿತು. ಸಾಯೇಬರು.

ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಸಾಯೇಬರು ಅವರನ್ನು ನೋಡಿದರು, ಇವರನ್ನು ನೋಡಿದರು, ಮಸಿ ಇಳಿದ ಗೋಡೆಗಳನ್ನು ನೋಡಿದರು. ಅವರ ಮನೆಯಲ್ಲಿ ಟೀವಿಯಿಲ್ಲ. ಆ ವರ್ಷವೆಲ್ಲ ಅವರು ಈ ದೇಶದಲ್ಲೇ ಇರಲಿಲ್ಲ. ಅವರಿಗೆ ಗೊತ್ತಾದದ್ದು ಇಷ್ಟೇ. ವರ್ಷದ ಮೇಲೆ ಬಂದೆ, ಗೆಳೆಯನ ಮಗ ಎದ್ದು ನಿಂತು, ಬಂದದ್ದು ನಿನ್ನ ತಪ್ಪು ಎಂದ.

"ಮಾಫ್ ಮಾಡಿ ಗಣಪಣ್ಣ" ಎಂದರು ಮೆಲ್ಲಗೆ. "ನಂಗೆ ಗೊತ್ತಿರ್ಲಿಲ್ಲ. ನಿಮ್ಮ ತಂದೆ ಇದ್ದಾಗಿಂದ ಬರ್ತಾ ಇದ್ದೆ, ಹಾಗಾಗಿ ಬಂದದ್ದು."

ಮಡಚಿದ ಕೊಡೆಯನ್ನು ಮತ್ತೆ ಬಿಡಿಸಿ ಇಳಿದುಹೋದರು. ನನ್ನ ಕೈಯಲ್ಲಿ ಚಹಾದ ತಟ್ಟೆ. ಅದನ್ನು ಎಲ್ಲಿಡಬೇಕು ತಿಳಿಯಲಿಲ್ಲ. ಇವರು ಒಂದು ನಿಮಿಷ ಕೈ ಜೋಡಿಸಿದ ಹಾಗೇ ನಿಂತಿದ್ದರು. ಆಮೇಲೆ ಓಡಿದರು. ನಿಜವಾಗಿ ಓಡಿದರು. ಟೀವಿಯಲ್ಲಿ ಓಡಿದ ಬಾಗಿಲಿನಿಂದಲೇ, ಬರಿಗಾಲಲ್ಲಿ. ಹುಡುಗರು ಅದಕ್ಕೂ ಚಪ್ಪಾಳೆ ಹೊಡೆದರು.

ತೊಯ್ದು ತೊಪ್ಪೆಯಾಗಿ ವಾಪಸು ಬಂದರು. ನಾನು ಟವೆಲು ಕೊಟ್ಟರೆ ಹಿಡಿದುಕೊಳ್ಳಲಿಲ್ಲ.

"ಸಿಕ್ಕಿದ್ರಾ?" ಎಂದೆ.

"ಬಸ್‌ಸ್ಟ್ಯಾಂಡಲ್ಲಿ."

"ಹೇಳಿದ್ರಾ?"

"ಟೀವಿಯಲ್ಲಿ ಬರೂ ಮಾತು ಅದು, ನಿಮಗೆ ಹೇಳಿದ್ದಲ್ಲ ಹೇಳ್ದೆ. 'ಹೌದಾ' ಅಂದ್ರು. ಮಗಳು ಹೇಗಿದ್ದು, ಓದ್ತ ಇದ್ದಾ ಕೇಳಿದ್ರು. ನಾ ಒದ್ದೆ ಆಗ್ತೆ ಹೇಳಿ ಅವರ ಕೊಡೆ ನನ್ನ ತಲೆ ಮೇಲೆ ಹಿಡಿದ್ರು. ಬಸ್ಸು ಬಂತು, ಹತ್ತಿದ್ರು." ಸ್ವಲ್ಪ ತಡೆದು, "ಒಂದು ಮಾತು ಬಯ್ದಿದ್ರೆ ಆತಿತ್ತು" ಎಂದರು.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಚುಂಯ್ ಎಂಬ ಸದ್ದು ಕೇಳಿ ಎದ್ದೆ. ಸುರಿವ ಮಳೆಯಲ್ಲಿ ಇವರು ಕೊಟ್ಟಿಗೆಯಲ್ಲಿ ಡಬ್ಬ ಮುಚ್ಚಿಟ್ಟಿದ್ದ ಹಳೇ ಸುಣ್ಣಕ್ಕೆ ನೀರು ಹೊಯ್ಯುತ್ತಿದ್ದರು. ಜೂನಿನಲ್ಲಿ ಯಾರಾದರೂ ಗೋಡೆಗೆ ಸುಣ್ಣ ಹೊಡೆಯುತ್ತಾರೆಯೇ. ಗೋಡೆಯೇ ನೆನೆದು ನೀರು ಬಿಡುತ್ತಿರುತ್ತದೆ. ಹೇಳಿದೆ. ಕೇಳಲಿಲ್ಲ. ಏಣಿ ಹಾಕಿ ರಸ್ತೆ ಕಡೆಯ ಗೋಡೆಗೇ ಮೊದಲು ಹೊಡೆದರು. ಹೊಡೆದಷ್ಟೂ ಮಳೆ ತೊಳೆಯಿತು. ಹಾಲಿನಂಥ ನೀರು ಗೋಡೆಯಿಂದ ಇಳಿದು, ಮೆಟ್ಟಿಲು ಇಳಿದು, ರಸ್ತೆಯ ಗಟಾರಕ್ಕೆ ಹೋಯಿತು. ಬಸ್ಸುಗಳು ನಿಧಾನ ಮಾಡಿದವು. ಕಿಟಕಿಗಳಲ್ಲಿ ಮುಖ. ಇದೂ ಸೀರಿಯಲ್ಲೇ ಎಂದುಕೊಂಡಿರಬೇಕು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಹಿಂದೆ ಕುಳಿತಿದ್ದೆ. ದೇವಕ್ಕ ಬಂದಳು, ನೋಡಿದಳು, ಗೊರಬು ಹೊದ್ದು ಹೊರಗೆ ಹೋಗಿ ಏಣಿ ಹಿಡಿದು ನಿಂತಳು.

ಹೊರಗಿನ ಗೋಡೆ ಆಗಲಿಲ್ಲ. ಒಳಗಿನವನ್ನು ಮಾತ್ರ ಆ ಮಳೆಗಾಲದಲ್ಲಿ ಒಂದೊಂದೇ ರೂಮಾಗಿ ಬಿಳಿ ಮಾಡಿದರು. ನಲ್ಲಿಗೆ ವಾಷರು ಹಾಕಿದರು. ದೀಪಾವಳಿಗೆ ಹೊರಗಿನದೂ ಮುಗಿಯಿತು. ಆ ಸುಣ್ಣವನ್ನು ತಾವೇ ಕಲಸಿದರು, ಯಾರಿಗೂ ಮುಟ್ಟಲು ಕೊಡಲಿಲ್ಲ.

ಸೀರಿಯಲ್ಲು ನೋಡಿ ಬರುವವರು ಬಂದು ಬಿಳಿ ಗೋಡೆ ನೋಡಿ ಗಲಿಬಿಲಿಗೊಂಡರು. "ಆ ಲಾಡ್ಜ್ ಇದೇನಾ?" ಎಂದು ಕೇಳಿದರೆ ಇವರು, "ಅಲ್ಲ, ಅದು ಬೇರೆ. ಇದು ಶ್ರಮಹರ" ಎನ್ನುತ್ತಿದ್ದರು. ಅವರು ವ್ಯಾನು ಹತ್ತಿ ಹೋಗುತ್ತಿದ್ದರು. ಒಂಬತ್ತು ರೂಮುಗಳೂ ಖಾಲಿ. ತುಳಸಿ ಹಬ್ಬ ಕಳೆಯಿತು. ಇವರು ಬೆಳಿಗ್ಗೆ ಎದ್ದು ಮೂರನೇ ನಂಬರಿನ ಕಿಟಕಿ ತೆಗೆಯುತ್ತಿದ್ದರು, ಸಂಜೆ ಹಾಕುತ್ತಿದ್ದರು. ಜಾಲಿಗೆ ಹೋಗಿ ಬರುವಾ ಎಂದು ನಾನು ಎಷ್ಟು ಸಲ ಹೇಳಿದೆನೋ. "ಯಾವ ಮುಖ ಇಟ್ಕಂಡು ಹೋಗೂದು?" ಎನ್ನುತ್ತಿದ್ದರು.

ಸಾಯೇಬರು ಬಂದರು. ಒಂದು ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಅದೇ ಕರಿ ಕೋಟು, ಅದೇ ಚೀಲ. ಮೆಟ್ಟಿಲ ಬುಡದಲ್ಲಿ ನಿಂತರು. ಹತ್ತಲೋ ಬೇಡವೋ ಎಂಬ ಹಾಗೆ.

ಇವರು ಕೌಂಟರಿನಲ್ಲಿ ಎದ್ದು ನಿಂತರು. ಬಾಯಿ ತೆರೆದರು. ತಿಂಗಳುಗಟ್ಟಲೆ ಬಂದವರಿಗೆಲ್ಲ ಆ ನಟನ ಮಾತನ್ನು ಕೂಗಿ ಕೂಗಿ ಹೇಳಿದ ಮನುಷ್ಯನಿಗೆ, ತಂದೆ ಕಲಿಸಿದ ಒಂದು ಮಾತು ಬಾಯಿಗೆ ಬರಲಿಲ್ಲ. ನಾನು ಕಪಾಟಿನಿಂದ ಹಿತ್ತಾಳೆ ತಟ್ಟೆ ತೆಗೆದೆ. ಕಿಲುಬು ಹಿಡಿದಿತ್ತು. ಸೆರಗಿನಲ್ಲೇ ಒರೆಸಿ, ಬೆಲ್ಲ ಇಟ್ಟು, ನೀರಿನ ಚೊಂಬಿನ ಜೊತೆ ಇವರ ಕೈಗೆ ಕೊಟ್ಟೆ. ಇವರು ಅದನ್ನು ಹಿಡಿದುಕೊಂಡು ಮೆಟ್ಟಿಲು ಇಳಿದು ಅವರ ಮುಂದೆ ನಿಂತರು. ಸಾಯೇಬರು ಚೀಲ ಕೆಳಗಿಟ್ಟು, ಅಲ್ಲೇ ರಸ್ತೆಯ ಬದಿಯಲ್ಲೇ, ಬೆಲ್ಲವನ್ನು ಚೂರು ಚೂರೇ ಕಡಿದು ತಿಂದರು. ಇರುವೆ ಇದೆಯೇ ಎಂದು ನೋಡಲಿಲ್ಲ. ನೀರು ಕುಡಿದರು.

"ಮೂರನೇ ರೂಮು ಖಾಲಿ ಉಂಟಾ?" ಎಂದರು.

ಇವರು ಹೌದೆಂದು ತಲೆ ಆಡಿಸಿದರು.

ರಾತ್ರಿ ಬಂಗಡೆ ಸಾರಿನಲ್ಲಿ ಊಟ ಮಾಡಿದರು. ಹಳೆಯ ಮಾತು ಎತ್ತಲಿಲ್ಲ. ದುಬೈಯ ಬಿಸಿಲಿನ ಸುದ್ದಿ ಹೇಳಿದರು. ಬೆಳಿಗ್ಗೆ ಬಸ್ಸಿಗೆ ಹೊರಟಾಗ ನಾನು ಹಿಂದಿನಿಂದ ನೋಡಿದೆ. ಕರಿ ಕೋಟಿನ ಬೆನ್ನ ತುಂಬ ಬಿಳಿ ಸುಣ್ಣ. ಗೋಡೆಗೆ ಒರಗಿ ಕೂತಿದ್ದಿರಬೇಕು. ಗೋಂದು ಸಾಲದ ಸುಣ್ಣ, ಮುಟ್ಟಿದರೆ ಅಂಟುತ್ತಿತ್ತು. ಇವರೂ ನೋಡಿದರು. ಗಾಬರಿಯಿಂದ ಹೆಗಲ ಟವೆಲು ತೆಗೆದು ಒರೆಸಲು ಹೋದರು.

ಸಾಯೇಬರು ತಿರುಗಿ ಬೆನ್ನು ನೋಡಿಕೊಂಡರು. ಇವರ ಕೈ ಹಿಡಿದರು.

"ಇರ್ಲಿ ಗಣಪಣ್ಣ, ಒರೆಸೂದು ಬೇಡ. ಬಸ್ಸಲ್ಲಿ ಯಾರಾದ್ರೂ ಕೇಳ್ತಾರೆ, ಎಲ್ಲಿ ಉಳ್ದಿದ್ರಿ ಹೇಳಿ. ಹೇಳೂಕೆ ಬೇಕಲ್ಲ."

ಪೇಟೆ ಬೀದಿಯಲ್ಲಿ ಆ ಬಿಳಿ ಬೆನ್ನು ಹೊತ್ತುಕೊಂಡು ನಿಧಾನವಾಗಿ ನಡೆದುಹೋದರು. ಅಂಗಡಿಯವರು ನೋಡಿದರು. ಅವರು ಅವಸರ ಮಾಡಲಿಲ್ಲ. ಟೀವಿಯ ಮುಂದೆ ಊರೆಲ್ಲ ನಕ್ಕ ಸಂಜೆಯೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಇವರ ಪಕ್ಕ ನಿಲ್ಲಲೂ ಆಗದೆ, ಒಳಗೆ ಹೋಗಲೂ ಆಗದೆ, ಬಾಗಿಲ ದಾರಂದ ಹಿಡಿದುಕೊಂಡು ನಿಂತಿದ್ದೆ.

ಅವರು ತಿರುವಿನಲ್ಲಿ ಮರೆಯಾದ ಮೇಲೆ ಇವರು ಟವೆಲಿನಿಂದ ಮುಖ ಒರೆಸಿಕೊಂಡರು, ಕಣ್ಣನ್ನೂ.

"ಸುಣ್ಣಕ್ಕೆ ಗೋಂದು ಕಡ್ಮೆ ಆತು" ಎಂದರು.

"ಹೌದು, ಕಡ್ಮೆ ಆತು" ಎಂದೆ.